ಹತ್ತು ಸೂಡು ಪಲ್ಯ

ಸೊಪ್ಪಿಗೆ ನಮ್ಮ ಕಡೆ ಪಲ್ಯ ಎನ್ನುತ್ತೇವೆ. ಕಾಳಗಿ ಹತ್ತಿರದ ನನ್ನ ತವರಿನಲ್ಲಿ ಅದನ್ನು ಕೊಂಡುಕೊಂಡರೆ ಜನ ನಗುತ್ತಿದ್ದರು. ಹೊಲಕ್ಕೆ ಹೋದವರು ಉಡಿ ತುಂಬ ಕಿತ್ತು ತರುತ್ತಿದ್ದರು, ಅಷ್ಟೆ. ಮದುವೆಯಾಗಿ ಶಹಾಬಾದಿನ ಕಲ್ಲುಗಣಿಯ ಓಣಿಗೆ ಬಂದರೆ ಅಂಗಳದಲ್ಲಿ ಒಂದು ಬೀಜ ಊರಲಿಕ್ಕೂ ಮಣ್ಣಿಲ್ಲ, ಬರೀ ಫರಸಿಕಲ್ಲು. ರೊಟ್ಟಿ, ಬ್ಯಾಳಿ, ಖಾರ. ರಾಜ್ಯಕ್ಕಿನ್ನೂ ಮೈಸೂರೆಂದೇ ಹೆಸರಿದ್ದ ಆ ವರ್ಷಗಳಲ್ಲಿ ನಾವು ತಿಂದದ್ದು ಅದನ್ನೇ.

ಮಗಳಿಗೆ ನಾಲ್ಕು ತುಂಬಿದಾಗ ಹೊತ್ತು ಮುಳುಗಿದರೆ ಕಣ್ಣು ಕಾಣದಾಯಿತು. ಆಡುತ್ತಿದ್ದವಳು ಸಂಜೆಯಾಗುತ್ತಲೇ ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ನಾನು ಹಟವೆಂದು ತಿಳಿದು ಎರಡು ಏಟು ಹಾಕಿದೆ. ಆ ಕೈಗೆ ಇವತ್ತಿಗೂ ಶಾಪ ಹಾಕುತ್ತೇನೆ. ದಿನಾ ತಾಜಾ ಪಲ್ಯ ಎಣ್ಣೆ ಹಾಕಿ ಬೇಯಿಸಿ ಕೊಡು, ಇಲ್ಲದಿದ್ದರೆ ಹಗಲೂ ಕಾಣದೆ ಹೋದೀತು ಎಂದಳು ದವಾಖಾನೆಯ ನರ್ಸಮ್ಮ.

ಎಲ್ಲಿಂದ ತರಲಿ? ನಾಲವಾರದಿಂದ ರೈಲಿನಲ್ಲಿ ಪಲ್ಯ ತರುತ್ತಿದ್ದ ಮುದುಕಿ ಮೊದಲು ಸಾಹೇಬರ ಕ್ವಾರ್ಟರ್ಸಿಗೆ ಹೋಗುತ್ತಿದ್ದಳು. ನಮ್ಮ ಓಣಿಗೆ ಬರುವಷ್ಟರಲ್ಲಿ ಬುಟ್ಟಿಯಲ್ಲಿ ನಾರಿನಿಂದ ಸೂಡು ಕಟ್ಟಿದ, ಬಾಡಿ ಹಳದಿ ತಿರುಗಿದ ಪುಂಡಿಪಲ್ಯ ಮಾತ್ರ ಉಳಿದಿರುತ್ತಿತ್ತು. ಒಂದು ಬೆಳಿಗ್ಗೆ ಸ್ಟೇಷನ್ನಿನಲ್ಲೇ ಅವಳನ್ನು ಅಡ್ಡಗಟ್ಟಿ ಜಗಳ ತೆಗೆದೆ. ಬಡವರೆಂದರೆ ಅಷ್ಟು ತಾತ್ಸಾರವೇ ಎಂದೆ. ಅವಳು ಸಿಟ್ಟಾಗಲಿಲ್ಲ.

“ಒಂದ ಸೂಡು ತಗೊಂಡು ಮೂರು ಮನಿಯವರು ಹಂಚ್ಕೋತೀರಿ. ನನ್ನ ತಲಿಮ್ಯಾಲಿನ ಭಾರ ಯಾವಾಗ ಇಳೀಬೇಕು, ತಂಗಿ?”

ಹಂಚಿ ತಿನ್ನುವುದು ನಮ್ಮ ಓಣಿಯ ಹೆಮ್ಮೆ. ಅದೇ ಅವಳನ್ನು ದೂರ ಇಟ್ಟಿತ್ತು. ದಿನಕ್ಕೆ ಹತ್ತು ಸೂಡು ಎತ್ತುತ್ತೇವೆ, ನಾಳೆಯಿಂದ ಮೊದಲು ನಮ್ಮಲ್ಲಿಗೆ ಬಾ ಎಂದು ಯಾರನ್ನೂ ಕೇಳದೆ ಮಾತು ಕೊಟ್ಟುಬಿಟ್ಟೆ.

ಆಮೇಲೆ ಮನೆ ಮನೆ ತಿರುಗಿದೆ. ಕೆಲವರು ಒಪ್ಪಿದರು, ಕೆಲವರು ನಿನಗ್ಯಾಕೆ ಊರ ಉಸಾಬರಿ ಎಂದರು. ಮೊದಲ ದಿನ ಏಳೇ ಸೂಡು ಹೋದವು. ಉಳಿದ ಮೂರನ್ನೂ ನಾನೇ ತೆಗೆದುಕೊಂಡೆ. ಎರಡು ದಿನ ಪಲ್ಯವೋ ಪಲ್ಯ. ನನ್ನನ್ನೇನು ಆಡು ಅಂತ ತಿಳಿದೀಯೇನು ಎಂದು ಗಂಡ ತಾಟು ದೂಡಿದ.

“ಆಡಿಗಿ ಕತ್ತಲ್ಯಾಗೂ ಕಣ್ಣು ಕಾಣ್ತಾವ,” ಎಂದೆ.

ಅವನು ತಲೆ ತಗ್ಗಿಸಿ ಉಂಡ.

ಆ ವಾರವೇ ಎದುರು ಮನೆಯವಳು ಬಂದು, ತನ್ನ ಮಗನೂ ಕತ್ತಲಾದರೆ ಎಡವುತ್ತಾನೆ, ಯಾರಿಗೂ ಹೇಳಿಲ್ಲ ಎಂದು ಪಿಸುಗುಟ್ಟಿದಳು. ಮರುದಿನ ಇನ್ನೊಬ್ಬಳು ಬಂದು ಅದನ್ನೇ ಹೇಳಿದಳು. ಎಷ್ಟು ಮಕ್ಕಳು ಹಾಗೆ ಗೋಡೆ ಹಿಡಿದು ಕೂತಿದ್ದವೋ! ಹತ್ತು ಸೂಡೂ ಖರ್ಚಾಗತೊಡಗಿದವು.

ತಿಂಗಳು ಕಳೆದಿರಬೇಕು. ದೀಪ ಹಚ್ಚುವ ಮುಂಚೆ ಮುಸ್ಸಂಜೆಯಲ್ಲಿ ಜೋಳ ಕೇರುತ್ತ ಕೂತಿದ್ದೆ. ಮಗಳು ಗೋಡೆ ಬಿಟ್ಟು ನೆಟ್ಟಗೆ ನನ್ನ ಹತ್ತಿರ ಬಂದಳು.

“ಯವ್ವಾ, ನಿನ್ನ ಕುಪ್ಪಸ ಹರದದ.”

ಮೊರ ಕೆಳಗಿಟ್ಟೆ. ಎಲ್ಲಿ, ತೋರಿಸು ಎಂದೆ.

ಅವಳು ಹರಕಿನ ಮೇಲೆಯೇ ಬೆರಳಿಟ್ಟಳು.