ಇಲಿಯಮ್ಮನ ಕುಂಚ

ಕಳೆದ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಸಂಶೋಧನಾಲಯದ ಇಲಿಮನೆಯ ಕೀಲಿಕೈಯನ್ನು, ಇಪ್ಪತ್ತೆರಡು ವರ್ಷ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೆಂಗಸಿನಿಂದ ಕಿತ್ತುಕೊಳ್ಳಲಾಯಿತು. ವಜಾಪತ್ರದಲ್ಲಿದ್ದ ಕಾರಣ: 'ಯಾರಿಗೂ ತಿಳಿಸದೆ ಪ್ರಯೋಗವನ್ನು ಕೆಡಿಸಿದ್ದು'. ಯಾರಿಗೂ ತಿಳಿಸದೆ ಎಂಬುದು ಶುದ್ಧ ಸುಳ್ಳು. ಅಲ್ಲಿ ಮೂವತ್ತೊಂದು ವರ್ಷ ಇಲಿಗಳ ತೂಕ ಬರೆದು ನಿವೃತ್ತನಾದವನು ನಾನು; ಹೊಣೆಯರಿತೇ ಹೇಳುತ್ತಿದ್ದೇನೆ.

ಎಲ್ಲರೂ ಅವಳನ್ನು ಇಲಿಯಮ್ಮ ಎನ್ನುತ್ತಿದ್ದರು. ಪಂಜರ ತೊಳೆಯುವುದು ಅವಳ ಕೆಲಸ. ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳದೆ ಮರಿಯನ್ನು ಮುಟ್ಟಿದವಳಲ್ಲ. ತಣ್ಣನೆಯ ಕೈ ಹಾಕಿದವರು ಎಂಥ ವಿದ್ವಾಂಸರಾದರೂ ಗದರದೆ ಬಿಟ್ಟವಳಲ್ಲ.

"ಏನಮ್ಮ, ಲಾಲಿನೂ ಹಾಡ್ತೀಯಾ ಇವಕ್ಕೆ?" ಎಂದು ಸಂಶೋಧಕನೊಬ್ಬ ಕೆಣಕಿದ.

"ಇವಕ್ಯಾಕೆ ಸಾರ್ ಲಾಲಿ? ಮೀಟಿಂಗಲ್ಲಿ ನಿದ್ದೆ ಮಾಡೋರು ನೀವು."

ಆ ಪ್ರಯೋಗ ನಡೆದದ್ದು ನನ್ನ ಸೇವೆಯ ಕೊನೆಯ ವರ್ಷ. ಎಳೆಮರಿಗಳನ್ನು ಎರಡು ವಾರ, ದಿನಕ್ಕೆ ಮೂರು ಗಂಟೆ, ತಾಯಿಯಿಂದ ಅಗಲಿಸಬೇಕು. ಅವು ಬೆಳೆದು ತಾಯಾದಾಗ ತಮ್ಮ ಮರಿಗಳನ್ನು ಹೇಗೆ ನೋಡಿಕೊಳ್ಳುತ್ತವೆ, ಒಲವನ್ನು ಬೆಸೆಯುವ ಹಾರ್ಮೋನಾದ ಆಕ್ಸಿಟೋಸಿನ್‌ಗೆ ಮೆದುಳು ಎಷ್ಟು ಸ್ಪಂದಿಸುತ್ತದೆ ಎಂದು ಅಳೆಯಬೇಕು. ನಾಲ್ಕನೆಯ ದಿನ ಅವಳು ನನ್ನ ಮೇಜಿನ ಬಳಿ ಬಂದಳು.

"ತೂಕದಣ್ಣ, ಎಡಗಡೆ ಸಾಲಿನ ಮರಿಗಳು ಅಂಗೈಲಿ ಮೂತಿ ಊರಿ ಹುಡುಕೋದನ್ನೇ ಬಿಟ್ಟಿವೆ. ಬಲಗಡೆಯವು ಇನ್ನೂ ಹುಡುಕ್ತಿವೆ."

"ಸುಮ್ನಿದ್ರೆ ಒಳ್ಳೇದಲ್ವೇನಮ್ಮ?"

"ಸುಮ್ನಿರೋದು ಸಮಾಧಾನ ಅಲ್ಲಣ್ಣ. ನಾ ಬೆಳೆದ ಅನಾಥಾಲಯದಲ್ಲಿ ತೊಟ್ಟಿಲ ಸಾಲೆಲ್ಲಾ ಹಿಂಗೇ ಸುಮ್ನಿರ್ತಿತ್ತಂತೆ. ಅಡುಗೆಯಕ್ಕ ನನ್ನೊಬ್ಳನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಕೆಲಸ ಮಾಡ್ತಿದ್ಲು. ಅದಕ್ಕೇ ನೋಡಿ, ನಾನಿಷ್ಟು ಬಾಯಾಳಿ."

ಅಂದಿನಿಂದ ಅವಳು ಮೆತ್ತನೆಯ ಕುಂಚವನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ, ತಾಯಿ ನೆಕ್ಕುವಂತೆ, ಆ ಸಾಲಿನ ಪ್ರತಿ ಮರಿಯ ಬೆನ್ನು ಸವರಿದಳು. ಇದು ನಿಯಮಕ್ಕೆ ವಿರುದ್ಧ ಎಂದೆ.

"ಹಾಗಾದ್ರೆ ಬರೀರಿ. ಕದ್ದು ಮಾಡೋ ಕೆಲಸ ಅಲ್ಲ ಇದು."

ಅವಳಿಗೆ ಅಕ್ಷರ ಬಾರದು. ನಾನು ದಿನವಹಿಯಲ್ಲಿ ಕೆಂಪು ಶಾಯಿಯಿಂದ ಹನ್ನೊಂದು ದಿನ ಬರೆದೆ. ಹನ್ನೊಂದು ಪುಟಗಳ ಕೆಳಗೂ ಮುಖ್ಯಸ್ಥರ ಸಹಿ ಇದೆ. ಓದದೆ ಹಾಕಿದ ಸಹಿಯೂ ಸಹಿಯೇ.

ಐದು ವರ್ಷಗಳ ನಂತರ, ಈ ಫೆಬ್ರವರಿಯಲ್ಲಿ, ಫಲಿತಾಂಶಗಳೆಲ್ಲ ಒಟ್ಟುಗೂಡಿದವು. ಹಾಗೆಯೇ ಅಗಲಿಸಿದ್ದರೂ ಕುಂಚ ಸವರದ ಬಲಸಾಲಿನ ಇಲಿಗಳು ತಮ್ಮ ಮರಿಗಳನ್ನು ಮೂಲೆಯಲ್ಲಿ ಬಿಟ್ಟು ತಿರುಗಿದ್ದವು. ಎಡಸಾಲಿನವು ಪರರ ಮರಿಗಳನ್ನೂ ಎಳೆದು ಮಗ್ಗುಲಿಗೆ ಹಾಕಿಕೊಂಡಿದ್ದವು. ಮೆದುಳಿನ ಪರೀಕ್ಷೆಯೂ ಅದನ್ನೇ ಹೇಳಿತು. ಎರಡು ಸಾಲು ಯಾಕೆ ಬೇರೆಯಾದವೆಂದು ಕೇಳಿದಾಗ ಅವಳೇ ಕುಂಚ ತೋರಿಸಿದಳಂತೆ. ಅಗಲಿಸಿದ ಮತ್ತು ಅಗಲಿಸದ ಮರಿಗಳ ಮೂಲ ಹೋಲಿಕೆ ಕೆಟ್ಟದ್ದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವಳನ್ನು ಹೊರಹಾಕಿದ ಇಪ್ಪತ್ನಾಲ್ಕನೆಯ ದಿನ, ಏಪ್ರಿಲ್ ನಾಲ್ಕರಂದು, ಮೊಗಸಾಲೆಯಲ್ಲಿ ಭಿತ್ತಿಪತ್ರವೊಂದು ಏರಿತು: 'ಸ್ಪರ್ಶದಿಂದ ಚೇತರಿಕೆ: ನಮ್ಮ ಹೊಸ ಶೋಧ'. ಅದರಲ್ಲಿ ಕುಂಚ ಹಿಡಿದ ಒಂದು ಕೈಯ ಫೋಟೊ, ಮಣಿಕಟ್ಟಿಗೆ ಕತ್ತರಿಸಿದ್ದು. ಹೆಬ್ಬೆರಳ ಮೇಲೆ ಪಂಜರದ ತಂತಿ ಗೀರಿದ ಹಳೆಯ ಗುರುತಿದೆ. ಆ ಕೈ ಯಾರದೆಂದು ಇಲಿಮನೆಯ ಗೋಡೆಗೂ ಗೊತ್ತು.

ಕೀಲಿಕೈ ಒಪ್ಪಿಸುವಾಗ ಅವಳು ಅತ್ತವಳಲ್ಲ. ತನ್ನ ಜಾಗಕ್ಕೆ ಹೊಸದಾಗಿ ಬಂದವಳಿಗೆ ಹೇಳಿದ್ದು ಇಷ್ಟೇ: "ಮೊದ್ಲು ಕೈ ಉಜ್ಕೋ ಕಣಮ್ಮ."

ಮುಖ್ಯಸ್ಥರೇ, ದಿನವಹಿ ನಿಮ್ಮ ಕಪಾಟಿನಲ್ಲೇ ಇದೆ. ಆ ಹನ್ನೊಂದು ಪುಟಗಳನ್ನು ಈಗಲಾದರೂ ಓದಿ, ವಜಾಪತ್ರವನ್ನು ಹಿಂತೆಗೆದುಕೊಳ್ಳಿ, ಆ ಕೈಯ ಪಕ್ಕದಲ್ಲಿ ಅವಳ ಹೆಸರು ಬರೆಯಿರಿ, ಕೀಲಿಕೈಯನ್ನು ನೀವೇ ಒಯ್ದು ಅವಳಿಗೆ ಕೊಡಿ.