ಪಾಸು ಮಾಡದ ಲೇಖನ

ಹೊಗಳಿಕೆಯ ಮಾತು ಕಂಡರೆ ನನಗೆ ಮೈ ಉರಿಯುತ್ತದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಓದಿ ಓದಿ ಬಂದ ಗುಣವೋ, ಹುಟ್ಟುಗುಣವೋ ಗೊತ್ತಿಲ್ಲ. ಆಂಧ್ರ ಎರಡಾದ ಮರುವರ್ಷ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ, ದುವ್ವಾಡದ ಶಾಖೆಗೆ ಓಡಾಡಿಕೊಂಡಿದ್ದಾಗ ಈ ಗುಣಕ್ಕೂ ಒಂದು ಕೆಲಸ ಸಿಕ್ಕಿತು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಸಂಬಳವಿಲ್ಲದೆ ಬರೆಯಬಹುದಾದ ಕನ್ನಡ ವಿಶ್ವಕೋಶವೊಂದಿದೆ. ತಮ್ಮ ಲೇಖನಕ್ಕೆ ‘ಉತ್ತಮ ಲೇಖನ’ ಎಂಬ ಗುರುತು ಬೇಕೆಂದು ಯಾರಾದರೂ ಕೇಳಿದರೆ, ಇನ್ನೊಬ್ಬರು ಅದನ್ನು ಸಾಲು ಸಾಲಾಗಿ ಓದಿ ಒಪ್ಪಬೇಕು. ಹೇಳಿದ್ದಕ್ಕೆಲ್ಲ ಆಧಾರವಿದೆಯೇ, ಹೊಗಳಿಕೆ ನುಸುಳಿದೆಯೇ ಎಂದು ನೋಡುವುದು. ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದ ನನಗೆ ಹೇಳಿ ಮಾಡಿಸಿದಂಥ ಕೆಲಸ.

ಹಾಗೆ ಒಂದು ದಿನ ಮಂಗಳಗಿರಿಯ ಕೈಮಗ್ಗದ ಸೀರೆಗಳ ಮೇಲಿನ ಲೇಖನ ಕೈಗೆ ಬಂತು. ಬರೆದವರು ವಿಜಯವಾಡದ ಭವಾನಿಪುರಂನ ಒಬ್ಬ ಗೃಹಿಣಿ. ತುಮಕೂರಿನ ಕಡೆಯವರು, ಮಂಗಳಗಿರಿಯ ತೆಲುಗು ಮನೆತನಕ್ಕೆ ಸೊಸೆಯಾಗಿ ಬಂದವರು, ತಲೆಗೂದಲು ಆಗಲೇ ನರೆತಿದ್ದವರು. ಲೇಖನ ಅಚ್ಚುಕಟ್ಟಾಗಿತ್ತು. ಹೂವಿಲ್ಲದ ಒಡಲು, ಜರಿಯ ಅಂಚು, ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ, ಎಲ್ಲಕ್ಕೂ ಪುಸ್ತಕದ ಪುಟಸಂಖ್ಯೆ ಸಮೇತ ಆಧಾರ. ಆದರೆ ಮೊದಲ ಸಾಲಿನಲ್ಲೇ ‘ಬಹಳ ಸುಂದರವಾದ’ ಎಂದಿತ್ತು. ಲೇಖನದ ಚರ್ಚಾಪುಟದಲ್ಲಿ ನಾನು ಕೇಳಿದೆ: ಸುಂದರ ಎಂದವರು ಯಾರು? ಮೂಲ ಕೊಡಿ.

ಅವರು ಅಲ್ಲಿ ಉತ್ತರ ಬರೆಯಲಿಲ್ಲ. ನನ್ನ ಪರಿಚಯದ ಪುಟದಲ್ಲಿದ್ದ ನಂಬರಿಗೆ ನೇರವಾಗಿ ಫೋನು ಮಾಡಿದರು.

“ನಾನೇ ಕಣ್ರೀ ಅಂದಿದ್ದು. ಮದುವೆಯಾದಾಗಿಂದ ಉಟ್ಕೊಂಡಿದೀನಿ. ಸಾಕಾ ಮೂಲ?”

“ಸಾಲಲ್ಲ ಅಕ್ಕಾ. ನೀವೇನು ಪುಸ್ತಕಾನಾ?”

“ಅಬ್ಬಬ್ಬಾ, ಒಳ್ಳೇ ಮೇಷ್ಟ್ರು ಸಿಕ್ಕಿದ್ರಪ್ಪ!” ಎಂದು ನಕ್ಕರು. ಅಂದಿನಿಂದ ನಾನು ಮೇಷ್ಟ್ರು, ಅವರು ಅಕ್ಕ.

ಸುಂದರವನ್ನು ತೆಗೆದರು. ಮುಂದಿನ ವಾರ ಇನ್ನೊಂದು ಕಡೆ ‘ಜಗತ್ಪ್ರಸಿದ್ಧ’ ತಲೆಯೆತ್ತಿತ್ತು. ಅದನ್ನು ತೆಗೆಸಿದರೆ ಚಿತ್ರದ ಕೆಳಗಿನ ವಿವರ ಮಾಯ. ಅದನ್ನೂ ಹಾಕಿಸಿದರೆ, ಮೊದಲು ಇದ್ದ ಪುಟಸಂಖ್ಯೆಯೇ ಇಲ್ಲ. ನಾನು ಆಕ್ಷೇಪ ಬರೆಯುವುದು, ಭಾನುವಾರ ಅವರು ಫೋನು ಮಾಡಿ ಜಗಳ ತೆಗೆಯುವುದು. ಜಗಳ ಮುಗಿದ ಮೇಲೆ ಮಾತು ತುಮಕೂರಿನ ಸಂತೆಗೋ, ಅವರಮ್ಮ ಬಸಿದು ಮಾಡುತ್ತಿದ್ದ ಸೊಪ್ಪಿನ ಸಾರಿಗೋ ಹೊರಳುತ್ತಿತ್ತು.

ಆ ವಿಶ್ವಕೋಶದಲ್ಲಿ ಯಾರು ಯಾವಾಗ ಏನು ಬದಲಿಸಿದರೆಂಬುದು ಅಳಿಸದೆ ಉಳಿಯುತ್ತದೆ. ಒಮ್ಮೆ ತೆಗೆದು ನೋಡಿದೆ. ಸರಿಯಾಗಿದ್ದ ಪುಟಸಂಖ್ಯೆಯನ್ನು ಅಳಿಸಿದವರು ಅಕ್ಕನೇ! ನನಗೆ ರೇಗಿತು.

“ಬೇಕಂತಲೇ ಕೆಡಿಸ್ತಿದೀರಲ್ಲ ಅಕ್ಕಾ. ನಂಗೇನು ಬೇರೆ ಕೆಲಸ ಇಲ್ವಾ?”

ಅಕ್ಕ ಈ ಸಲ ಜಗಳಕ್ಕೆ ಬರಲಿಲ್ಲ.

“ಪಾಸು ಮಾಡಿಬಿಟ್ರೆ ಆಮೇಲೆ ನೀವ್ಯಾಕ್ರೀ ನನ್ನ ಮಾತಾಡಿಸ್ತೀರಾ? ಮನೇಲಿ ಎಲ್ಲಾ ತೆಲುಗು. ಇವ್ರು ಒಳ್ಳೇವ್ರೇ ಅಂಡಿ, ಬಂಗಾರದಂಥೋರು. ಕನ್ನಡ ಬರಲ್ಲ ಅಷ್ಟೆ. ಮಗಳಿಗೆ ಅರ್ಥ ಆಗತ್ತೆ, ಉತ್ತರ ಮಾತ್ರ ತೆಲುಗಲ್ಲೇ. ನಮ್ಮಮ್ಮ ಹೋದ್ಮೇಲೆ ಕನ್ನಡದಲ್ಲಿ ನನ್ನ ಬೈಯೋರೂ ಇಲ್ದಂಗಾಯ್ತು.”

ನನಗಾದರೂ ಆ ಊರಿನಲ್ಲಿ ಯಾರಿದ್ದರು? ಮುಂದಿನ ವಾರ ನಾನೇ ಒಂದು ಕುಂಟು ನೆಪ ಹುಡುಕಿದೆ: ಚಿತ್ರ ಎಡಗಡೆ ಇದೆ, ಬಲಗಡೆ ಇರಲಿ. ಅದರ ಮುಂದಿನ ವಾರ, ಎಡಗಡೆಯೇ ಇದ್ದರೆ ವಾಸಿ. ಉಳಿದ ಪರಿಶೀಲಕರು ಇದೇಕೆ ಇನ್ನೂ ಮುಗಿದಿಲ್ಲ ಎಂದು ಗೊಣಗಿದರು. ಕೆಲಸ ಬಾಕಿ ಇದೆ ಎಂದು ಗತ್ತಿನಿಂದ ಉತ್ತರ ಬರೆದೆ.

ಒಂದು ಸಲ ಬ್ಯಾಂಕಿನ ತರಬೇತಿಗೆ ವಿಜಯವಾಡಕ್ಕೆ ಹೋದಾಗ ಅವರ ಮನೆಗೆ ಹೋಗಿದ್ದೆ. ಅಕ್ಕನ ಗಂಡ ಟೀವಿ ಆರಿಸಿ, ತಾವೇ ಕಾಫಿ ತಂದುಕೊಟ್ಟು, ನಾವಿಬ್ಬರೂ ಲೇಖನದ ಮೇಲೆ ಕಿತ್ತಾಡುವುದನ್ನು ಆತಂಕದಿಂದ ನೋಡುತ್ತ ಕೂತಿದ್ದರು. ಹೊರಟಾಗ ಗೇಟಿನವರೆಗೂ ಬಂದು ನನ್ನ ಕೈ ಹಿಡಿದುಕೊಂಡರು. “ಕೊಂಚಂ ಚೂಡಂಡಿ, ಮಾಸ್ಟಾರೂ,” ಎಂದರು. ಸ್ವಲ್ಪ ನೋಡಿಕೊಳ್ಳಿ ಎಂದು. ಆ ಕಡೆಯ ಜನರ ಮರ್ಯಾದೆ ದೊಡ್ಡದು, ಇದೂ ಹಾಗೆಯೇ ಎಂದುಕೊಂಡೆ.

ವರ್ಷಗಳು ಹೀಗೇ ಹೋದವು. ಒಂದು ದಿನ ಭಾನುವಾರವಲ್ಲದ ಹೊತ್ತಿನಲ್ಲಿ, ನಾನು ಬ್ಯಾಂಕಿನಲ್ಲಿದ್ದಾಗ ಅಕ್ಕನ ಫೋನು ಬಂತು. ನಾಳೆ ಹೃದಯದ ಆಪರೇಷನ್ ಎಂದರು.

“ಲೇಖನ ಎಲ್ಲಾ ಸರಿ ಮಾಡಿದೀನಿ, ಮೇಷ್ಟ್ರೇ. ನೋಡಿ ಪಾಸು ಮಾಡಿಬಿಡಿ.”

“ಏನ್ ಅವಸರ ಅಕ್ಕಾ? ಬಂದ್ಮೇಲೆ ನೋಡೋಣ.”

“ಅವಸರ ಅಂತಲ್ಲ. ಅರ್ಧಂಬರ್ಧ ಬಿಟ್ಟು ಹೋಗೋದು ನಂಗಾಗಲ್ಲ.”

ಮನೆಗೆ ಬಂದವನೇ ಲೇಖನ ತೆರೆದೆ. ಎಲ್ಲ ಆಧಾರಗಳೂ ಇದ್ದವು. ಚಿತ್ರಗಳ ಕೆಳಗೆ ವಿವರಗಳಿದ್ದವು. ಸುಂದರ, ಪ್ರಸಿದ್ಧ ಎಂಬ ಮಾತು ಎಲ್ಲೂ ಇರಲಿಲ್ಲ. ತಪ್ಪು ಹುಡುಕುವುದೇ ಬದುಕಾಗಿದ್ದ ನಾನು ಅಂದು ಒಂದು ತಪ್ಪು ಸಿಗಲಪ್ಪ ಎಂದು ಬೇಡಿಕೊಳ್ಳುತ್ತ ಓದಿದೆ. ಸಿಗಲಿಲ್ಲ. ಆದರೂ ಪಾಸು ಮಾಡಲಿಲ್ಲ. ಬಾಕಿ ಇಟ್ಟುಕೊಂಡರೆ ಅಕ್ಕ ಜಗಳಕ್ಕಾದರೂ ವಾಪಸು ಬರುತ್ತಾರೆ ಎಂಬ ಹುಚ್ಚು ನಂಬಿಕೆ.

ಅಕ್ಕ ಬರಲಿಲ್ಲ. ಆಸ್ಪತ್ರೆಯಲ್ಲೇ ತೀರಿಕೊಂಡರೆಂದು ಅವರ ಮಗಳು ತೆಲುಗಿನಲ್ಲಿ ಫೋನು ಮಾಡಿ ಹೇಳಿದಳು.

ನಾನು ಭವಾನಿಪುರಂಗೆ ಹೋದಾಗ ಹಜಾರದಲ್ಲಿ ಹಾರ ಹಾಕಿದ ಫೋಟೊ ಇತ್ತು. ಬಂದವರೆಲ್ಲ ಮೆಲ್ಲಗೆ ಮಾತಾಡುತ್ತಿದ್ದರು. ಅಕ್ಕನ ಗಂಡ ನನ್ನನ್ನು ವರಾಂಡದ ಮೂಲೆಗೆ ಕರೆದೊಯ್ದು ಕೇಳಿದರು: “ಮಾಸ್ಟಾರೂ, ಮಾ ಆವಿಡ ಪಾಸಯ್ಯಿಂದಾ ಅಂಡಿ?”

ನನ್ನವಳು ಪಾಸಾದಳಾ ಎಂದು ಕೇಳುತ್ತಿದ್ದರು. ಅವರು ತೆಲುಗಿನಲ್ಲೇ ಹೇಳುತ್ತ ಹೋದರು. ಅದೇನೋ ಕನ್ನಡದ ಪರೀಕ್ಷೆ, ಇಷ್ಟು ವರ್ಷ ಕಟ್ಟುತ್ತಲೇ ಇದ್ದಳು. ನೀವು ಪ್ರತಿಸಲವೂ ತಪ್ಪು ಹೇಳುತ್ತಿದ್ದಿರಿ, ಅವಳು ಮತ್ತೆ ಕೂತು ಬರೆಯುತ್ತಿದ್ದಳು. ಆಸ್ಪತ್ರೆಗೆ ಹೊರಡುವ ದಿನವೂ ಊಟ ಬಿಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದಳು, ಈ ಸಲ ಆಗುತ್ತದೆ ಎಂದಳು. ಪಾಪ, ಎಷ್ಟು ಸಲ ಬರೆದಳೋ.

ನಾನು ಫೋನು ತೆಗೆದು ಅಲ್ಲೇ, ಅವರ ಎದುರಿಗೇ, ಲೇಖನವನ್ನು ಒಪ್ಪಿದೆ.

“ಪಾಸಯ್ಯಾರಂಡಿ,” ಎಂದೆ.

ಅವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಫೋಟೊದ ಮುಂದೆ ನಿಂತು ಅದನ್ನೇ ಹೇಳಿದರು. ಅಕ್ಕ ಮೊದಲ ವಾರವೇ ಪಾಸಾಗಿದ್ದರು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ಇಷ್ಟು ವರ್ಷ ಯಾಕೆ ಬರೆಯುತ್ತಿದ್ದಳು ಎಂದು ಅವರು ಕೇಳುತ್ತಿದ್ದರು.