ಜಯಲತಾಳ ಪ್ಯಾನ್ಸಿಗೆ ನಾನು ಹಾಕಿದ ಹಿಂಡಿ ನೀರು

ಎದುರು ಮನೆಯ ಜಯಲತಾಳ ಕತೆ ಬರೆದುಕೋ ಪುಟ್ಟಿ, ಅಜ್ಜಿ ಹೇಳುತ್ತಾ ಹೋಗುತ್ತೇನೆ. ಡೊಂಬಿವಲಿಯ ಈ ಬಿಲ್ಡಿಂಗಿನಲ್ಲಿ ನಮ್ಮ ಉಡುಪಿ ಕಡೆಯವಳು ಅವಳೊಬ್ಬಳೇ ಇದ್ದದ್ದು. ಮೂವತ್ತೊಂದು ವರ್ಷ ತುರ್ಭೆಯ ಒಂದು ಆಫೀಸಿನಲ್ಲಿ ಕ್ಲಾರ್ಕ್. ಬೆಳಿಗ್ಗೆ ಆರೂ ಐವತ್ತರ ಮುಂಬಯಿ ಲೋಕಲ್ ರೈಲು, ಠಾಣೆಯಲ್ಲಿ ಇಳಿದು ಇನ್ನೊಂದು ಗಾಡಿ. ತಿರುಗಿ ಬರುವಾಗ ದೀಪ ಹಚ್ಚಿ ಆಗಿರುತ್ತಿತ್ತು. ತನ್ನ ಬಾಲ್ಕನಿಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆಂದು ಅವಳಿಗೆ ಗೊತ್ತಾದದ್ದೇ ರಿಟೈರ್ ಆದ ಮೇಲೆ.

ಆ ವರ್ಷ ದೀಪಾವಳಿ ಕಳೆದದ್ದೇ ತಡ, ಏಳು ಚಟ್ಟಿಗಳಲ್ಲಿ ಪ್ಯಾನ್ಸಿ ನೆಟ್ಟಳು. ಹೂ ಅಂದರೆ ಬೆಕ್ಕಿನ ಮರಿಯ ಮುಖದ ಹಾಗೆ.

"ಮುಡಿಯಲಿಕ್ಕೂ ಆಗದ ಹೂ ಎಂಥಕ್ಕೆ ಮಾರಾಯ್ತಿ?" ಎಂದು ತಮಾಷೆ ಮಾಡಿದೆ.

"ನೋಡ್ಲಿಕ್ಕೆ ಅಕ್ಕ. ಈ ಊರಲ್ಲಿ ಚಳಿ ಅಂತ ಇರುದೇ ಎರಡು ತಿಂಗಳು. ಅಷ್ಟೂ ದಿನ ಕುರ್ಚಿ ಹಾಕಿ ಕೂತು ನೋಡ್ತೇನೆ."

ಜನವರಿಯಲ್ಲಿ ಮೊಗ್ಗು ಬಂತು. ಅಷ್ಟರಲ್ಲಿ ಕಾಮೋಠೆಯಲ್ಲಿರುವ ಮಗಳು ಯಾಮಿನಿಗೆ ದಿನಕ್ಕೆ ಮೊದಲೇ ಹೆರಿಗೆ. ಜಯಲತಾ ಬೀಗದ ಕೈ ನನಗೆ ಕೊಟ್ಟು, "ಮಣ್ಣು ಮುಟ್ಟಿ ನೋಡಿ ಅಕ್ಕ, ಒಣಗಿದ್ರೆ ಮಾತ್ರ ಒಂದು ಲೋಟ ನೀರು. ಬೇರೆ ಎಂಥದೂ ಬೇಡ," ಎಂದು ಎರಡೆರಡು ಸಲ ಹೇಳಿ ಓಡಿದಳು.

ನನಗೆ ಹೂವಿನ ಪಾಠ! ನಾನು ಶಂಕರಪುರದವಳು, ಮದುವೆಯವರೆಗೆ ಮಲ್ಲಿಗೆ ಕಿತ್ತು, ಕಟ್ಟಿ ಬೆಳೆದವಳು. ನನ್ನ ಅಮ್ಮ ನೆಲಗಡಲೆ ಹಿಂಡಿಯನ್ನು ಮೂರು ದಿನ ನೆನೆಸಿ ಬುಡಕ್ಕೆ ಹಾಕುತ್ತಿದ್ದಳು. ಆ ನಾತಕ್ಕೆ ಅಪ್ಪ ಬಟ್ಟಲು ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ಉಣ್ಣುತ್ತಿದ್ದರು, ಪಾಪ. ಜಯಲತಾ ಬರುವಾಗ ಬಾಲ್ಕನಿ ತುಂಬ ಹೂವಿರಲಿ ಎಂದು ನನ್ನ ಆಸೆ. ಏಳೂ ಚಟ್ಟಿಗೆ ಹಿಂಡಿ ನೀರು ಧಾರಾಳ ಸುರಿದೆ. ಮರುದಿನವೂ ಸುರಿದೆ. ಐದನೆಯ ದಿನ ಗಿಡಗಳು ಬೇಯಿಸಿದ ಹರಿವೆ ಸೊಪ್ಪಿನ ಹಾಗೆ ಮಲಗಿದವು. ಅವಳು ಬರುವ ಮೊದಲು ಗಿಡವನ್ನೂ ನಾರುವ ಮಣ್ಣನ್ನೂ ಬಳಿದು ಎಸೆದೆ.

"ಎಂಥ ಆಯ್ತಕ್ಕ?" ಬರಿದಾದ ಚಟ್ಟಿಗಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಪಾರಿವಾಳ, ಜಯಾ. ಆ ಪೀಡೆಗಳು ಎಲ್ಲ ಕೆದಕಿ ಹಾಕಿದವು," ಎಂದುಬಿಟ್ಟೆ.

"ಹೋಗ್ಲಿ ಬಿಡಿ. ನೀವಾದ್ರೂ ಎಷ್ಟು ಅಂತ ಕಾಯ್ತೀರಿ?" ಎಂದು ನನಗೇ ಚಹಾ ಮಾಡಿ ಕೊಟ್ಟಳು. ಮುಂದಿನ ಚಳಿಗಾಲಕ್ಕೆ ಬೇಕೆಂದು ಬಾಲ್ಕನಿಗೆ ಬಲೆಯನ್ನೂ ಹಾಕಿಸಿದಳು.

ಆ ಚಳಿಗಾಲಕ್ಕೆ ಅವಳು ಇಲ್ಲಿರಲಿಲ್ಲ. ಯಾಮಿನಿಯ ರಜೆ ಮುಗಿಯಿತು, ಮಗುವನ್ನು ನೋಡಿಕೊಳ್ಳಲು ಜನ ಬೇಕಲ್ಲ. ಮನೆ ಬಾಡಿಗೆಗೆ ಕೊಟ್ಟು ಕಾಮೋಠೆಗೆ ಹೋದಳು. ಅಲ್ಲಿ ಬಾಲ್ಕನಿ ಇಲ್ಲ.

ನಿನ್ನೆ ಫೋನ್ ಮಾಡಿದ್ದಳು. "ಕಿಟಕಿಯಲ್ಲಾದರೂ ಹೂ ಇಟ್ಟಿದ್ದೀಯಾ?" ಎಂದು ಕೇಳಿದೆ.

"ಎಲ್ಲಿಯ ಹೂ ಅಕ್ಕ, ಕೂರ್ಲಿಕ್ಕೇ ಪುರುಸೊತ್ತಿಲ್ಲ," ಎಂದು ನಕ್ಕಳು. ಕೂತು ನೋಡಲು ಅವಳಿಗೆ ಸಿಕ್ಕಿದ್ದು ಆ ಒಂದು ಚಳಿಗಾಲ, ಪುಟ್ಟಿ. ಪಾರಿವಾಳ ಅಲ್ಲ, ನಾನೇ ಎಂದು ಆಗಲೇ ಹೇಳಬೇಕಿತ್ತು. ನಿನ್ನೆಯೂ ಮಾತು ತುಟಿಯವರೆಗೆ ಬಂದಿತ್ತು. ಮಗುವಿಗೆ ರಾಗಿ ಮಣ್ಣಿ ಮಾಡುವ ಕ್ರಮ ಹೇಳಿ ಫೋನ್ ಇಟ್ಟೆ.